ಸುಬಾಬುಲ್ ಸೊಪ್ಪೂ ಹವಾಯಿಯ ಆಡುಗಳೂ

ಬೇಸಿಗೆಯಲ್ಲೂ ಹಸಿರಾಗಿರುವ ಸುಬಾಬುಲ್ ನಮ್ಮ ಹೊಲದ ಬದುಗಳಲ್ಲಿ ಕಾಣಸಿಗುವ ಮರ. ಆಡುಗಳಿಗೆ ಅದರ ಸೊಪ್ಪೆಂದರೆ ಪ್ರಾಣ. ಅದರ ತವರು ಮೆಕ್ಸಿಕೊ ಸೀಮೆ. ಸ್ಪೇನಿನ ಹಡಗುಗಳು ಬೀಜವನ್ನು ಫಿಲಿಪ್ಪೀನ್ಸಿಗೆ ಒಯ್ದವು, ಕ್ರಮೇಣ ಉಷ್ಣವಲಯದ ತುಂಬ ಅದು ಹಬ್ಬಿತು. ಕಳೆದ ಶತಮಾನದಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಅದನ್ನು ಮೇವಿಗೆಂದು ಬೆಳೆಸಿದಾಗ ದನಗಳು ಆಸೆಯಿಂದ ತಿಂದವು, ಆಮೇಲೆ ಸೊರಗಿದವು. ಬಾಲದ ಕೂದಲು ಉದುರಿತು, ಜೊಲ್ಲು ಸುರಿಯಿತು, ಥೈರಾಯ್ಡ್ ಗ್ರಂಥಿ ಊದಿತು. ಎಲೆಯಲ್ಲಿರುವ ಮಿಮೋಸಿನ್ ಎಂಬ ವಿಷ ದನದ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಒಡೆದು ಡಿಎಚ್‌ಪಿ ಎಂಬ ಇನ್ನೊಂದು ವಿಷವಾಗುತ್ತದೆ. ಥೈರಾಯ್ಡನ್ನು ಕೆಡಿಸುವುದು ಈ ಎರಡನೆಯದು. ಆದರೆ ಹವಾಯಿಯ ಆಡುಗಳು ಅದೇ ಸೊಪ್ಪನ್ನು ಹೊಟ್ಟೆತುಂಬ ತಿಂದು ಗಟ್ಟಿಮುಟ್ಟಾಗಿದ್ದವು.

ಇದನ್ನು ಆಡಿನ ತಳಿಗುಣ ಎನ್ನುವುದು ಸುಲಭವಿತ್ತು. ಆಸ್ಟ್ರೇಲಿಯದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ರೇಮಂಡ್ ಜೋನ್ಸ್ ಅದನ್ನು ಒಪ್ಪಲಿಲ್ಲ. ಅರಗಿಸುವ ಶಕ್ತಿ ಆಡಿನದಲ್ಲ, ಅದರ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಗಳದ್ದು ಎಂಬುದು ಅವರ ವಾದ. ಗಾಳಿ ತಾಗಿದರೆ ಸಾಯುವ ಈ ಜೀವಿಗಳನ್ನು ಜೋಪಾನವಾಗಿ ತಂದು ಆಸ್ಟ್ರೇಲಿಯದ ಆಡು, ದನಗಳ ರೂಮೆನ್ನಿಗೆ ಸೇರಿಸಲಾಯಿತು. ತಳಿ ಅದೇ, ಮೇವೂ ಅದೇ, ಬದಲಾದದ್ದು ಹೊಟ್ಟೆಯೊಳಗಿನ ಬಳಗ ಮಾತ್ರ, ಡಿಎಚ್‌ಪಿ ಕರಗತೊಡಗಿತು. ಜೋನ್ಸ್ ಮತ್ತು ಅವರ ಸಹೋದ್ಯೋಗಿ ಮೆಗ್ಯಾರಿಟಿ 1986ರಲ್ಲಿ ಇದನ್ನು ಪ್ರಕಟಿಸಿದರು. ಒಂದು ದನಕ್ಕೆ ಸೇರಿಸಿದ್ದು ಜೊತೆಗೆ ಮೇಯುವ ಉಳಿದವಕ್ಕೂ ಹರಡುತ್ತಿತ್ತು. 1992ರಲ್ಲಿ ಆ ಬ್ಯಾಕ್ಟೀರಿಯಕ್ಕೆ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂಬ ಹೆಸರು ಬಂತು. ಮೆಲುಕು ನಿಲ್ಲಿಸಿದ ಹಸುವಿಗೆ ಆರೋಗ್ಯವಾದ ಹಸುವಿನ ಬಾಯಿಯಿಂದ ಮೆಲುಕು ತೆಗೆದು ಕೊಡುವ ರೂಢಿ ಸ್ವೀಡನ್ನಿನ ರೈತರಲ್ಲಿ ಹಿಂದಿನಿಂದಲೂ ಇತ್ತು. ಬ್ಯಾಕ್ಟೀರಿಯದ ಹೆಸರು ಗೊತ್ತಿಲ್ಲದೆಯೂ ಅವರ ಕೈಗೆ ಈ ಮರ್ಮ ಸಿಕ್ಕಿತ್ತು ಎಂದೇ ನಾನು ತಿಳಿಯುತ್ತೇನೆ. ಮೇವಿನ ಚರಿತ್ರೆಯನ್ನು ಬೀಜ ಎಲ್ಲಿಂದ ಎಲ್ಲಿಗೆ ಹೋಯಿತು ಎಂದಷ್ಟೇ ಬರೆದರೆ ಅರ್ಧ ಬರೆದಂತೆ. ಬೀಜಕ್ಕೆ ಹಡಗು ಸಾಕು. ಹೊಟ್ಟೆಯ ಬಳಗ ಹೋಗಬೇಕಾದರೆ ಪ್ರಾಣಿಯಿಂದ ಪ್ರಾಣಿಗೇ ದಾಟಬೇಕು.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಬ್ಯಾಕ್ಟೀರಿಯ ಕೊಟ್ಟ ಕ್ವೀನ್ಸ್‌ಲ್ಯಾಂಡ್ ಹಿಂಡುಗಳ ಮೂತ್ರದಲ್ಲೂ ವರ್ಷಗಳ ನಂತರ ಡಿಎಚ್‌ಪಿ ಕಾಣಿಸಿತು. ಜೋನ್ಸರ ಬ್ಯಾಕ್ಟೀರಿಯ ಮೊದಲು ಎಣಿಸಿದ್ದಕ್ಕಿಂತ ಹೆಚ್ಚು ಕಡೆ ವಾಸವಾಗಿದೆ ಎಂದೂ ತಿಳಿಯಿತು. ಸುಬಾಬುಲನ್ನೇ ಮೇಯುವ ಇಂಡೊನೇಷ್ಯದ ಪ್ರಾಣಿಗಳ ಅಧ್ಯಯನ ಯಕೃತ್ತಿನ ಕಡೆ ಬೆರಳು ತೋರಿತು: ಡಿಎಚ್‌ಪಿಯನ್ನು ಬೇರೊಂದು ವಸ್ತುವಿಗೆ ಜೋಡಿಸಿ, ನಿರಪಾಯ ಮಾಡಿ ಹೊರಹಾಕುವ ಕೆಲಸ ಅದು ಮಾಡುತ್ತದೆ. ಹಾಗಾದರೆ ಹವಾಯಿಯ ಕಥೆ ಸುಳ್ಳೇ? ನನಗೆ ಹಾಗೆನಿಸದು. ಬ್ಯಾಕ್ಟೀರಿಯ ಸೇರಿದ ಮೇಲೆ ವಿಷ ಇಳಿದದ್ದು ಅಳೆದು ಕಂಡ ಸಂಗತಿ. ಸಡಿಲವಾದದ್ದು ಒಮ್ಮೆ ಕೊಟ್ಟರೆ ಸದಾಕಾಲಕ್ಕೂ ಸಾಕೆಂಬ ನಂಬಿಕೆ. ಸೊಪ್ಪು ಸಿಗದ ತಿಂಗಳುಗಳಲ್ಲಿ ಆ ಬಳಗ ಕ್ಷೀಣಿಸಬಹುದು. ಕ್ವೀನ್ಸ್‌ಲ್ಯಾಂಡಿನ ರೈತರು ತೊಟ್ಟಿಯಲ್ಲಿ ಬೆಳೆಸಿದ ಬ್ಯಾಕ್ಟೀರಿಯದ ದ್ರವವನ್ನು ತರಿಸಿಕೊಂಡು ದನಗಳ ಗಂಟಲಿಗೆ ಹೊಯ್ಯುವುದನ್ನು ನಿಲ್ಲಿಸಲಿಲ್ಲ.