ಮೊದಲು ಹುಡುಗರು ಬಸ್ ಹತ್ತುತ್ತಿದ್ರು, ಈಗ ಸರ್ ಹತ್ತುತ್ತಾರೆ

ನಮ್ಮ ಕಡೆ ಚರಿತ್ರೆ, ಕಂತು 6: ಕಾಲೇಜು

ಫ್ರೆಂಡ್ಸ್, ಮೊದಲು ನಮ್ಮ ಐದು ತಾಲ್ಲೂಕಿನ ಕಾಲೇಜುಗಳ ಹೆಸರು ಸಾಲಾಗಿ ಓದ್ರಿ. ಹಡಗಲಿಯಲ್ಲಿ ಜಿ.ಬಿ.ಆರ್., ಹರಪನಹಳ್ಳಿಯಲ್ಲಿ ಎ.ಡಿ.ಬಿ., ಹಗರಿಬೊಮ್ಮನಹಳ್ಳಿಯಲ್ಲಿ ಜಿ.ವಿ.ಪಿ.ಪಿ., ಕೂಡ್ಲಿಗಿಯಲ್ಲಿ ಎಸ್.ಎ.ವಿ.ಟಿ. ಕೊಟ್ಟೂರಲ್ಲಿ ಮಾತ್ರ ಪೂರ್ತಿ ಹೆಸರು, ಕೊಟ್ಟೂರೇಶ್ವರ ಕಾಲೇಜು. ಸ್ವಾಮಿ ಹೆಸರನ್ನ ಇನಿಷಿಯಲ್ ಮಾಡೋ ಧೈರ್ಯ ಯಾರಿಗೈತಿ ಹೇಳ್ರಿ! ಉಳಿದ ನಾಲ್ಕರಲ್ಲಿ ಮೂರು ವರ್ಷ ಓದಿ ಟಿಸಿ ತಗೊಂಡು ಹೋದವರಿಗೂ ಆ ಅಕ್ಷರ ಬಿಡಿಸಿ ಹೇಳು ಅಂದ್ರೆ ತಲೆ ಕೆರೆದುಕೊಳ್ತಾರೆ. ನಿಮಗೆ ಬರುತ್ತಾ? ಬಂದ್ರೆ ಕೆಳಗೆ ಬರೀರಿ.

ಜಾಗ, ದುಡ್ಡು ಕೊಟ್ಟವರ ಹೆಸರು ಕಾಲೇಜುಗಳ ಗೇಟಿನ ಮೇಲೆ ಇರೋದು ನಮ್ಮಲ್ಲಿ ವಾಡಿಕೆ. ಪ್ರಿನ್ಸಿಪಾಲರ ಹೆಸರು ಛೇಂಬರಿನ ಹಲಗೆ ಮೇಲೆ. ಇವತ್ತಿನ ಕಂತು ಗೇಟಿನಲ್ಲೂ ಹಲಗೆಯಲ್ಲೂ ಇಲ್ಲದವರದ್ದು, ಅಂದ್ರೆ ಕ್ಲಾಸಿಗೆ ಬಂದು ಪಾಠ ಮಾಡಿ ಹೋದವರದ್ದು. ಅವರ ಚರಿತ್ರೆ ತಿಳೀಬೇಕಂದ್ರೆ ಮೊದಲು ದೂರದ ಚರಿತ್ರೆ ತಿಳೀಬೇಕು.

ನೂರು ವರ್ಷ ಹಿಂದಕ್ಕೆ ಹೋಗೋಣ. 1800ರಲ್ಲಿ ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟ ಸೀಮೆ ನಮ್ಮದು. ಹಂಗಾಗಿ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹರಪನಹಳ್ಳಿಯವರಿಗೆ ದಾವಣಗೆರೆ ಪಕ್ಕದ ಊರು, ಆದ್ರೆ ಅದು ಮೈಸೂರು ಮಹಾರಾಜರ ರಾಜ್ಯ. ಹಡಗಲಿಯಿಂದ ಹೊಳೆ ದಾಟಿದ್ರೆ ಬೊಂಬಾಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಹೊಸಪೇಟೆಯಿಂದ ಹೊಳೆ ದಾಟಿದ್ರೆ ಕೊಪ್ಪಳ, ಅಂದ್ರೆ ನಿಜಾಮರದ್ದು. ನಡುವೆ ಸಂಡೂರು, ಘೋರ್ಪಡೆಯವರ ಪುಟ್ಟ ಸಂಸ್ಥಾನ. ಸುತ್ತಲೂ ಕನ್ನಡವೇ ಮಾತಾಡೋ ಜನ, ಆದ್ರೆ ಓದೋ ಹುಡುಗನ ದಾರಿ ಮಾತ್ರ ಮದ್ರಾಸಿನ ಕಡೆಗೆ.

1916 ನಮ್ಮ ಭಾಗಕ್ಕೆ ದೊಡ್ಡ ವರ್ಷ. ಆ ವರ್ಷ ಅನಂತಪುರದಲ್ಲಿ ಸೀಡೆಡ್ ಡಿಸ್ಟ್ರಿಕ್ಟ್ಸ್ ಕಾಲೇಜು ಶುರುವಾಯ್ತು. ಮುಂದೆ ರಾಷ್ಟ್ರಪತಿಯಾದ ನೀಲಂ ಸಂಜೀವ ರೆಡ್ಡಿ ಓದಿದ್ದು ಅಲ್ಲೇ. ಅದೇ ವರ್ಷ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. ಆದ್ರೆ ಸಂಘ ಹುಟ್ಟಿದ ಕೂಡಲೇ ಕಾಲೇಜು ಬರಲಿಲ್ಲ. ಬಳ್ಳಾರಿಯ ವೀರಶೈವ ಕಾಲೇಜು ಬಂದದ್ದು 1945ಕ್ಕೆ. ನಡುವೆ 29 ವರ್ಷ! ಅಷ್ಟರಲ್ಲಿ ಒಂದು ತಲೆಮಾರೇ ಮೆಟ್ರಿಕ್‌ಗೆ ಪುಸ್ತಕ ಮುಚ್ಚಿಟ್ಟು ನೌಕರಿಗೋ ಹೊಲಕ್ಕೋ ಹೋಗಿರುತ್ತೆ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ನಮ್ಮ ಬೀಚಿ ಕೂಡ ಪೊಲೀಸ್ ಇಲಾಖೆಯ ನೌಕರಿ ಮಾಡ್ತಾನೇ ತಿಂಮನನ್ನ ಬರೆದವರು.

ದೂರ ಹೋಗಿ ಓದಿದವರ ಕಥೆ ಬೇರೆ. ಕೂಡ್ಲಿಗಿ ಸೀಮೆಯ ಹಿರೇಕುಂಬಳಗುಂಟೆಯ ಎಚ್.ಎಂ. ಮರುಳಸಿದ್ಧಯ್ಯನವರು ಸಮಾಜಕಾರ್ಯದ ದೊಡ್ಡ ಪ್ರಾಧ್ಯಾಪಕರಾದರು. ಧಾರವಾಡದಲ್ಲಿ, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಹಳ್ಳಿಯ ಮುದುಕರು ಹೆಂಗ ಬದುಕ್ತಾರೆ ಅಂತ ಅವರು ಅಧ್ಯಯನ ಮಾಡಿ ಪುಸ್ತಕ ಬರೆದದ್ದು ಧಾರವಾಡ ಕಡೆಯ ಮಕುಂಟಿ ಎಂಬ ಊರಿನ ಮೇಲೆ. ಅವರ ತಪ್ಪು ಅಂತ ಅಲ್ಲ. ಆಗ ಇಲ್ಲಿ ಹುಟ್ಟಿದ ಪ್ರೊಫೆಸರ್‌ಗೆ ಇಲ್ಲಿ ಪಾಠ ಮಾಡೋಕೆ ಕ್ಲಾಸ್ ರೂಮೇ ಇರಲಿಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಯ್ತು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ನಾವು ಮೈಸೂರಿಗೆ ಸೇರಿದ್ವಿ. ಗೆರೆ ಆ ಕಡೆ ಕನ್ನಡ ಶಾಲೆಗಳು ಉಳಿದವು, ಅವಕ್ಕೆ ಮೇಷ್ಟ್ರುಗಳು ಬೇಕಿತ್ತು. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ವರ್ಷಗಟ್ಟಲೆ ಕೆಲಸ ಮಾಡಿದ್ದು ಅಂಥ ಗಡಿ ಹಳ್ಳಿಗಳಲ್ಲೇ. ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಕುಣಿದಾಡಿದ ನಮ್ಮೂರಿನವರಿಗೆ, ಆ ಮೇಷ್ಟ್ರು ಆಯಸ್ಸಿನ ಒಳ್ಳೇ ಭಾಗ ಪಾಠ ಮಾಡಿದ್ದು ಬೇರೆ ರಾಜ್ಯದ ಮಕ್ಕಳಿಗೆ ಅನ್ನೋದು ಅಷ್ಟು ನೆನಪಿರಲ್ಲ.

ಆಮೇಲೆ ನಿಧಾನಕ್ಕೆ ತಾಲ್ಲೂಕಿಗೊಂದು ಕಾಲೇಜು ಬಂತು. ಕೆಲವು ಸಂಘದವು, ಕೆಲವು ಸರ್ಕಾರದವು. ನನ್ನ ಪ್ರಕಾರ ನಮ್ಮ ಐದು ತಾಲ್ಲೂಕಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಕಮ್ಮಿ. ಬಳ್ಳಾರಿಯಲ್ಲಿ ರೂಮ್ ಮಾಡಿಸಿ ಮಗಳನ್ನ ಓದಿಸ್ತೀನಿ ಅನ್ನೋ ಅಪ್ಪ ಎಷ್ಟು ಜನ ಇದ್ದಾರು? ಬೆಳಿಗ್ಗೆ ಹೋಗಿ ಸಂಜೆ ಬರೋ ದೂರದಲ್ಲಿ ಕಾಲೇಜು ಇದ್ರೆ ಅದೇ ಅಪ್ಪ ‘ಹೋಗವ್ವ’ ಅಂತಾನೆ. ತಾಂಡಾದಿಂದ, ಹಟ್ಟಿಯಿಂದ, ಹೊಳೆದಂಡೆ ಹಳ್ಳಿಯಿಂದ ಬರೋ ಮನೆಯ ಮೊದಲ ಡಿಗ್ರಿ ಹುಡುಗ್ಯಾರು ಈ ಕಾಲೇಜುಗಳ ಬೆಂಚಿನ ಮೇಲೆ ಇದ್ದಾರಲ್ಲ, ಅವರು ಬಂದದ್ದು ಈ ದಾರಿಯಿಂದ. ಅಟೆಂಡೆನ್ಸ್ ಕೂಗುವಾಗ ‘ಕೊಟ್ರೇಶ’ ಅಂದ್ರೆ ನಾಲ್ಕು ಜನ ‘ಎಸ್ ಸರ್’ ಅನ್ನೋದು, ಕ್ಲಾಸ್ ಬಿಟ್ಟ ಮೇಲೆ ಮಂಡಕ್ಕಿ ಮಿರ್ಚಿ, ಕೊನೇ ಬಸ್ ತಪ್ಪಿದ್ರೆ ಹಾಲಿನ ಗಾಡಿ, ಇದೆಲ್ಲ ನಿಮಗೆ ಗೊತ್ತಿರೋದೇ.

ಕಾಲೇಜು ಕದಲಲಿಲ್ಲ, ಆದ್ರೆ ಅದರ ಸುತ್ತಲಿನ ಗೆರೆಗಳು ಕದಲುತ್ತಲೇ ಇದ್ದವು. ಒಂದು ಕಾಲಕ್ಕೆ ನಮ್ಮ ಕಡೆಯವರ ಅಂಕಪಟ್ಟಿ ಧಾರವಾಡದಿಂದ ಬರ್ತಿತ್ತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಆದ ಮೇಲೆ ಕಲಬುರಗಿಯಿಂದ. ಹೆಸರಲ್ಲಿ ಒಂದು ಅಕ್ಷರ ತಪ್ಪಿದ್ರೆ ತಿದ್ದಿಸೋಕೆ ರಾತ್ರಿ ಬಸ್. 2010ರಲ್ಲಿ ಬಳ್ಳಾರಿಗೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂತು.

ಹರಪನಹಳ್ಳಿಯದ್ದು ಇನ್ನೂ ವಿಚಿತ್ರ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಈ ತಾಲ್ಲೂಕು ಅಲ್ಲಿಗೆ ಹೋಯ್ತು. ಹತ್ತಿರದ ಊರು, ಜನಕ್ಕೆ ಖುಷಿ. 2013ರಲ್ಲಿ 371ಜೆ ಬಂದಾಗ ಆ ಖುಷಿ ಕಹಿ ಆಯ್ತು. ಬಳ್ಳಾರಿ ಜಿಲ್ಲೆಯವರಿಗೆ ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು. ಹಗರಿಬೊಮ್ಮನಹಳ್ಳಿ ಹುಡುಗಿಗೆ ಅದು ಸಿಗ್ತಿತ್ತು, ಪಕ್ಕದ ತಾಲ್ಲೂಕಿನ ಹರಪನಹಳ್ಳಿ ಹುಡುಗಿಗೆ ಇಲ್ಲ. ಅದೇ ಬಿಸಿಲು, ಅದೇ ಮೆಕ್ಕೆಜೋಳ. ಆಗ ಶಾಸಕರಾಗಿದ್ದ ಎಂ.ಪಿ. ರವೀಂದ್ರ, ಅಂದ್ರೆ ಹಡಗಲಿಯಲ್ಲಿ ರಂಗಭಾರತಿ ಕಟ್ಟಿದ ಎಂ.ಪಿ. ಪ್ರಕಾಶರ ಮಗ, ಇದಕ್ಕಾಗಿ ಬೆನ್ನು ಹತ್ತಿದರು. 2018ರಲ್ಲಿ ತಾಲ್ಲೂಕು ಮತ್ತೆ ಬಳ್ಳಾರಿಗೆ ಅಂತ ತೀರ್ಮಾನ ಆಯ್ತು, ಅದೇ ವರ್ಷ ನವೆಂಬರ್‌ನಲ್ಲಿ ಅವರು ತೀರಿಕೊಂಡರು. 2021ರಲ್ಲಿ ಐದೂ ತಾಲ್ಲೂಕು ಹೊಸಪೇಟೆ ಜೊತೆ ವಿಜಯನಗರ ಜಿಲ್ಲೆಗೆ. ಕೆಲವರ ಮನೇಲಿ ಅಪ್ಪ, ಅಕ್ಕ, ತಮ್ಮ ಮೂವರ ದಾಖಲೆಯಲ್ಲಿ ಮೂರು ಜಿಲ್ಲೆ, ಮನೆ ಮಾತ್ರ ಒಂದೇ!

ಈಗ ಸರ್, ಮೇಡಂ ವಿಷಯಕ್ಕೆ ಬರೋಣ. ಸಣ್ಣ ಕಾಲೇಜಲ್ಲಿ ಎಷ್ಟೋ ಸಲ ಒಬ್ಬರೇ ಒಂದು ವಿಭಾಗ. ಇತಿಹಾಸದ ಸರ್ರೇ ಎನ್ನೆಸ್ಸೆಸ್ ಕ್ಯಾಂಪ್ ಅಧಿಕಾರಿ, ಅವರೇ ಗ್ಯಾದರಿಂಗ್ ಉಸ್ತುವಾರಿ, ಪರೀಕ್ಷೆ ಬಂದ್ರೆ ಅವರೇ ರೂಮ್ ಸೂಪರ್‌ವೈಸರ್. ಅನುದಾನದ ಹುದ್ದೆಯಲ್ಲಿದ್ದ ಹಿರಿಯರು ರಿಟೈರ್ ಆದ್ರೆ ಆ ಕುರ್ಚಿಗೆ ಸರ್ಕಾರಿ ಸಂಬಳದ ಹೊಸಬರು ಬರೋದು ವರ್ಷಗಟ್ಟಲೆ ತಡ. ಸರ್ಕಾರಿ ಕಾಲೇಜಲ್ಲಿ ಆ ಜಾಗ ತುಂಬೋರು ಅತಿಥಿ ಉಪನ್ಯಾಸಕರು. ಈ ‘ಅತಿಥಿ’ ಅನ್ನೋ ಪದ ಯಾರು ಇಟ್ಟರೋ! ಹದಿನೈದು ವರ್ಷ ಒಂದೇ ಮನೆಗೆ ಬರೋ ಅತಿಥಿ ಎಲ್ಲಾದ್ರೂ ಉಂಟಾ?

2021ರಲ್ಲಿ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಇಂಥವರು 14 ಸಾವಿರದಷ್ಟು ಜನ ಇದ್ದರು. 2021ರ ಕೊನೆಯವರೆಗೆ ಅವರಿಗೆ ತಿಂಗಳಿಗೆ 11 ಸಾವಿರ, ಹೆಚ್ಚು ಅರ್ಹತೆ ಇದ್ರೆ 13 ಸಾವಿರ. ಆ ಚಳಿಗಾಲದಲ್ಲಿ ಅವರು ತರಗತಿ ಬಹಿಷ್ಕರಿಸಿ ಕೂತರು. 2022ರ ಜನವರಿಯಲ್ಲಿ ಸರ್ಕಾರ ಅದನ್ನ ಅರ್ಹತೆ, ಅನುಭವ ನೋಡಿ 26ರಿಂದ 32 ಸಾವಿರದವರೆಗೆ ಏರಿಸಿತು. ಜೊತೆಗೆ ವಾರದ ಅವಧಿಯನ್ನ 15 ಗಂಟೆ ಮಾಡಿತು. ಲೆಕ್ಕ ಹಾಕ್ರಿ: ಇಬ್ಬರು ಹಂಚಿಕೊಳ್ತಿದ್ದ ಪಾಠ ಒಬ್ಬರಿಗೇ ಸಾಕಾಯ್ತು, ಇನ್ನೊಬ್ಬರು ಮನೆಗೆ. 2023ರ ಕೊನೆಗೆ ಕಾಯಂ ಮಾಡ್ರಿ ಅಂತ ಮತ್ತೆ ಮುಷ್ಕರ. ಕಾಯಂ ಹುದ್ದೆಗೆ 2021ರಲ್ಲಿ ಅರ್ಜಿ ಕರೆದದ್ದು ಇಡೀ ರಾಜ್ಯಕ್ಕೆ 1,242. ಆ ದಿನಗಳಲ್ಲಿ ‘ಕ್ಲಾಸ್ ಇಲ್ಲ’ ಅಂತ ಸ್ಟೇಟಸ್ ಹಾಕಿ ಖುಷಿಪಟ್ಟವರು ನಮ್ಮಲ್ಲೂ ಇದ್ದರು. ಸಿಲಬಸ್ ಮಾತ್ರ ಮುಷ್ಕರ ಮಾಡಲಿಲ್ಲ, ಪರೀಕ್ಷೆಗೆ ಪೂರ್ತಿ ಬಂತು.

ಹಿಂಗಾಗಿ ಪ್ರಯಾಣ ಮುಗಿದಿಲ್ಲ, ಪ್ರಯಾಣ ಮಾಡೋರು ಬದಲಾದರು. ವಿದ್ಯಾರ್ಥಿಗೆ ಕಾಲೇಜು ಹತ್ತಿರ ಬಂತು. ಪ್ರತಿ ವರ್ಷ ಹೊಸ ಆದೇಶ, ಹೊಸ ಕೌನ್ಸೆಲಿಂಗ್, ಈ ವರ್ಷ ಒಂದು ತಾಲ್ಲೂಕು ಸಿಕ್ಕರೆ ಮುಂದಿನ ವರ್ಷ ಇನ್ನೊಂದು. ಟಿಫನ್ ಬಾಕ್ಸ್, ಹಳೇ ನೋಟ್ಸ್, ಬ್ಯಾಗು ಹಿಡ್ಕೊಂಡು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿರೋರನ್ನ ನೀವು ನೋಡೇ ಇರ್ತೀರಿ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಅದೇ ಬಸ್ಸಿನಲ್ಲಿ ವಿದ್ಯಾರ್ಥಿನಿಯರಿಗೆ ಫ್ರೀ, ಮೇಡಂಗೂ ಫ್ರೀ. ಸರ್ ಟಿಕೆಟ್ ತಗೋತಾರೆ.

ಮುಂದಿನ ಕಂತು: ಹೊಸಪೇಟೆ–ಕೊಟ್ಟೂರು ರೈಲು ಮತ್ತು ಅದು 2019ರಲ್ಲಿ ಹರಿಹರದವರೆಗೆ ಓಡಿದ ಕಥೆ. ಹಳೇ ಸ್ಟೇಷನ್ ಫೋಟೋ ಯಾರ ಮನೇಲಾದ್ರೂ ಇದ್ರೆ ಕಳಿಸ್ರಿ.

#ಕೂಡ್ಲಿಗಿ #ಕೊಟ್ಟೂರು #ಹಗರಿಬೊಮ್ಮನಹಳ್ಳಿ #ಹಡಗಲಿ #ಹರಪನಹಳ್ಳಿ #ನಮ್ಮಕಡೆಚರಿತ್ರೆ