ಕಾವು ಕೂರುವ ಹೇಂಟೆ ಉಳಿಯಲಿ
ಕುಂದಾಪುರ, ಬೈಂದೂರು, ಬ್ರಹ್ಮಾವರ: ಹಿತ್ತಲ ಕೋಳಿ ಸಾಕಣೆ ನಡೆದುಬಂದ ದಾರಿ

ಘಟ್ಟದ ಬುಡದಿಂದ ಕಡಲಿನವರೆಗೆ ಹರಡಿರುವ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಊರ ಕೋಳಿಯನ್ನು ಯಾರೂ ಉದ್ಯೋಗವೆಂದು ಸಾಕಿದವರಲ್ಲ. ಗದ್ದೆ, ಗಂಟಿ, ತೆಂಗಿನ ಜೊತೆ ಅದೂ ಇರುತ್ತಿತ್ತು. ನೆಂಟರು ಬಂದ ದಿನ ಸಾರಿಗೆ, ದೈವದ ಹರಕೆಗೆ, ಕೈಯಲ್ಲಿ ಕಾಸಿಲ್ಲದಾಗ ಸಂತೆಗೆ ಒದಗುತ್ತಿತ್ತು. ಆ ದುಡ್ಡಿನ ಲೆಕ್ಕ ಹೆಚ್ಚಾಗಿ ಮನೆಯ ಹೆಂಗಸರ ಕೈಯಲ್ಲೇ ಇರುತ್ತಿತ್ತು. ಕಳೆದ ನಾಲ್ಕೈದು ದಶಕಗಳಲ್ಲಿ ಈ ಕೋಳಿಯ ಸುತ್ತ ಬಹಳಷ್ಟು ಬದಲಾಗಿದೆ. ಸುಧಾರಿತ ತಳಿ, ಬಾಯ್ಲರ್, ಲಸಿಕೆ, ಕಾವುಪೆಟ್ಟಿಗೆ ಒಂದರ ಹಿಂದೊಂದು ಬಂದವು. ಇವುಗಳಲ್ಲಿ ಯಾವುದು ನಮ್ಮ ಹಿತ್ತಲಿಗೆ ಒಗ್ಗಿತು, ಯಾವುದರಿಂದ ಏನು ಕಳೆದುಹೋಯಿತು ಎಂದು ನೋಡುವ ಪ್ರಯತ್ನವಿದು.

ಕಾಡಿನಿಂದ ಅಂಗಳಕ್ಕೆ

ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಮಧ್ಯ ಥಾಯ್ಲೆಂಡಿನ ಬಾನ್ ನೋನ್ ವಾಟ್ ಎಂಬಲ್ಲಿ ಸಿಕ್ಕ, ಕ್ರಿ.ಪೂ. 1650ರಿಂದ 1250ರ ನಡುವಿನ ಮೂಳೆಗಳೇ ಸಾಕುಕೋಳಿಯ ಅತಿ ಹಳೆಯ ಕುರುಹು ಎಂದು 2022ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ನಮ್ಮ ಘಟ್ಟದ ಪಾಲೂ ಇದರಲ್ಲಿದೆ. ಕೊಲ್ಲೂರಿನ ಮೂಕಾಂಬಿಕಾ ಅಭಯಾರಣ್ಯದ ಕಡೆ ಕೂಗುವ ಬೂದು ಕಾಡುಕೋಳಿ ಬೇರೆಯೇ ಜಾತಿಯದು. ಆದರೆ ಸಾಕುಕೋಳಿಗಳ ಹಳದಿ ಚರ್ಮ, ಹಳದಿ ಕಾಲಿಗೆ ಕಾರಣವಾದ ಜೀನ್ ಬಂದದ್ದು ಇದರಿಂದ ಎಂದು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಇಂದು ಬೂದು ಕಾಡುಕೋಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಹೇಂಟೆಯೆಂಬ ಯಂತ್ರಾಲಯ

ಊರ ಹೇಂಟೆ ಒಂದು ಸರದಿಗೆ ಹನ್ನೆರಡು, ಹದಿನೈದು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. ವರ್ಷಕ್ಕೆ ಮೂರು ನಾಲ್ಕು ಸರದಿ, ಒಟ್ಟು ಐವತ್ತು ಅರವತ್ತು ಮೊಟ್ಟೆ. ಹಟ್ಟಿಯ ಮೂಲೆಯಲ್ಲೋ ಅಡುಗೆಮನೆಯ ಹಿಂದೆಯೋ ಹಳೆಯ ಬುಟ್ಟಿಗೆ ಬೂದಿ ಹರಡಿ, ಮೇಲೆ ಬೈಹುಲ್ಲು ಹಾಸಿ ಅದನ್ನು ಕೂರಿಸುವುದು ವಾಡಿಕೆ. ಬೂದಿ ಹೇನನ್ನು ದೂರವಿಡುತ್ತದೆ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಕಬ್ಬಿಣದ ಚೂರು, ಇದ್ದಿಲು ಇಡುವವರೂ ಇದ್ದಾರೆ. ಇದು ನಂಬಿಕೆ. ಆದರೆ ಹೊಸ ಮೊಟ್ಟೆಯನ್ನೇ ಆರಿಸಬೇಕು, ತೀರ ದೊಡ್ಡದು, ತೀರ ಸಣ್ಣದು, ಬಿರುಕುಬಿಟ್ಟದ್ದು ಬೇಡ ಎಂಬ ಹಿರಿಯರ ಮಾತು ಪೂರ್ಣ ವಿಜ್ಞಾನ. ಇಟ್ಟ ಒಂದು ವಾರದ ನಂತರ ಮೊಟ್ಟೆಯೊಳಗಿನ ಜೀವಶಕ್ತಿ ಕುಂದುತ್ತದೆ. ಬೇಸಗೆಯಲ್ಲಿ ಅಷ್ಟು ದಿನವೂ ಇಡಬಾರದು.

ಮುಂದಿನ 21 ದಿನ ಹೇಂಟೆ ಮಾಡುವ ಕೆಲಸ ದೊಡ್ಡದು. ಮೊಟ್ಟೆಗೆ 37.5 ಡಿಗ್ರಿಯಷ್ಟು ಶಾಖ ಕೊಡಬೇಕು, ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟದಂತೆ ಮತ್ತೆ ಮತ್ತೆ ಹೊರಳಿಸಬೇಕು, ಅಂಚಿನದನ್ನು ನಡುವಿಗೆ ತಳ್ಳಬೇಕು. ದಿನಕ್ಕೊಮ್ಮೆ ಎದ್ದು ಅಷ್ಟಿಷ್ಟು ಕಾಳು ಹೆಕ್ಕಿ, ನೀರು ಕುಡಿದು ಮರಳುತ್ತದೆ. ಮರಿ ಒಡೆದ ಮೇಲೆ ಗಿಡುಗನ ನೆರಳು ಕಂಡರೆ ಕೂಗಿ ಕರೆದು ರೆಕ್ಕೆಯಡಿ ಸೇರಿಸಿಕೊಳ್ಳುತ್ತದೆ, ಕೆದಕಿ ತಿನ್ನುವುದನ್ನು ಕಲಿಸುತ್ತದೆ. ಮೇವಿಗೆ ಖರ್ಚಿಲ್ಲ. ಒಕ್ಕಲಾದ ಅಂಗಳದ ಕಾಳು, ಹುಲ್ಲುಕುತ್ರಿಯ ಬುಡದ ಹುಳ, ಹಾಡಿಯ ಗೆದ್ದಲು, ಮೀನಿನ ತ್ಯಾಜ್ಯ ಎಲ್ಲವೂ ಅದಕ್ಕೆ ಆಹಾರ. ಗದ್ದೆಗಳು ಹಡಿಲು ಬಿದ್ದಂತೆ ಈ ಪುಕ್ಕಟೆ ಮೇವೂ ಕಡಿಮೆಯಾಯಿತು. ಇಲ್ಲಿ ಮನೆಕೋಳಿಯ ಸಂಖ್ಯೆ ಇಳಿದದ್ದಕ್ಕೆ ಇದೊಂದು ದೊಡ್ಡ ಕಾರಣ.

ಹುಂಜದ ಆಯ್ಕೆ

ತಳಿವಿಜ್ಞಾನದ ಹೆಸರು ಕೇಳದ ಕಾಲದಲ್ಲೂ ಇಲ್ಲಿ ತಳಿ ಆಯ್ಕೆ ನಡೆದಿತ್ತು. ಅದಕ್ಕೆ ಹಿನ್ನೆಲೆ ಕೋಳಿಪಡೆ, ಅಂದರೆ ಹುಂಜಗಳ ಕಾಳಗ. ಗರಿಯ ಬಣ್ಣ ನೋಡಿ ಮೈರ, ಕಕ್ಕೆ, ಬೊಳ್ಳೆ ಎಂದೆಲ್ಲ ವಿಂಗಡಿಸಿದ ಕರಾವಳಿ ಜನ, ಯಾವ ಬಣ್ಣಕ್ಕೆ ಯಾವ ಹೊತ್ತು ಗೆಲುವು ಎಂದು ಹೇಳುವ ಕುಕ್ಕುಟ ಪಂಚಾಂಗವನ್ನೂ ಇಟ್ಟುಕೊಂಡಿದ್ದರು. ಎತ್ತರದ ಕಾಲು, ಬಿಗಿ ಮೈ, ಎದೆಗಾರಿಕೆಯ ಹುಂಜವನ್ನು ಊರೂರಿಂದ ತಂದು ಹೇಂಟೆಗಳ ಜೊತೆ ಬಿಟ್ಟದ್ದರಿಂದ ಹೊಸ ರಕ್ತ ಬರುತ್ತಿತ್ತು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು ಅಪರಾಧ. ಅದು ನಿಲ್ಲಲೇಬೇಕಾದ ಹಿಂಸೆ. ಆದರೆ ಹುಂಜ ಬದಲಿಸಿಕೊಳ್ಳುವ ಪದ್ಧತಿಯನ್ನು ಕಾಳಗವಿಲ್ಲದೆಯೂ ಉಳಿಸಿಕೊಳ್ಳಬಹುದು. ಒಂದೇ ಹುಂಜ ವರ್ಷಗಟ್ಟಲೆ ಅಂಗಳದಲ್ಲಿದ್ದರೆ ರಕ್ತಸಂಬಂಧದಲ್ಲೇ ಮರಿಯಾಗಿ ತಳಿ ಸೊರಗುತ್ತದೆ.

ಹೆಬ್ಬಾಳದಿಂದ ಬಂದ ಬಣ್ಣದ ಕೋಳಿ

1980ರ ದಶಕದ ಕೊನೆಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ‘ಗಿರಿರಾಜ’ವನ್ನು ಹೊರತಂದಿತು. ನೋಡಲು ಊರ ಕೋಳಿಯಂತೆ ಬಣ್ಣಬಣ್ಣ, ತೂಕದಲ್ಲಿ ಅದರ ಎರಡು ಮೂರು ಪಟ್ಟು, ವರ್ಷಕ್ಕೆ 130ರಿಂದ 150 ಮೊಟ್ಟೆ. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಗಿರಿರಾಜ ಮನೆಮಾತಾಯಿತು. 2004ರಲ್ಲಿ ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಹೆಬ್ಬಾಳದ ಕಾಲೇಜು ಅದರಡಿ ಬಂದಿತು. 2005ರಲ್ಲಿ ‘ಸ್ವರ್ಣಧಾರಾ’ ಬಿಡುಗಡೆಯಾಯಿತು. ಗಿರಿರಾಜಕ್ಕಿಂತ ವರ್ಷಕ್ಕೆ ಹದಿನೈದು ಇಪ್ಪತ್ತು ಮೊಟ್ಟೆ ಹೆಚ್ಚು, ತೂಕ ಒಂದು ಕಿಲೋದಷ್ಟು ಕಡಿಮೆ. ಮೈ ಹಗುರವಾದ್ದರಿಂದ ನಾಯಿ, ಮುಂಗುಸಿಯಿಂದ ತಪ್ಪಿಸಿಕೊಳ್ಳುವುದು ಇದಕ್ಕೆ ಸುಲಭ. ಹೈದರಾಬಾದಿನ ರಾಜೇಂದ್ರನಗರದ ಕೋಳಿ ಸಂಶೋಧನಾ ಸಂಸ್ಥೆಯ ವನರಾಜ, ಗ್ರಾಮಪ್ರಿಯ, ಹೆಸರಘಟ್ಟದ ಕಾವೇರಿ ತಳಿಗಳೂ ಬಂದವು. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್‌ಗೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕ ಮೇಲೆ ಅದಕ್ಕೂ ಕೆಲಕಾಲ ಬೇಡಿಕೆ ಏರಿತು.

ಈ ತಳಿಗಳಿಂದ ಮನೆಯ ಮಕ್ಕಳಿಗೆ ಮೊಟ್ಟೆ ಹೆಚ್ಚು ಸಿಕ್ಕಿತು, ಅದು ನಿಜವಾದ ಲಾಭ. ಬೆಲೆಯೂ ತೆರಬೇಕಾಯಿತು. ಮೊಟ್ಟೆ ಹೆಚ್ಚಲೆಂದು ಆರಿಸುತ್ತ ಹೋದಾಗ ಕಾವು ಕೂರುವ ಸ್ವಭಾವ ಅಳಿಯಿತು. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲ, ಹಾಗಾಗಿ ತಳಿ ತಜ್ಞರಿಗೆ ಅದು ಬೇಡದ ಗುಣ. ಇವು ಬೆರಕೆ ತಳಿಗಳಾದ್ದರಿಂದ ಅವುಗಳ ಮೊಟ್ಟೆಯನ್ನು ಊರ ಹೇಂಟೆಯಡಿ ಇಟ್ಟು ಮರಿ ಮಾಡಿಸಿದರೂ ತಾಯಿಯ ಗುಣ ಪೂರ್ತಿ ಇಳಿಯುವುದಿಲ್ಲ. ಪ್ರತಿ ಸಲವೂ ಹೊರಗಿನಿಂದ ಮರಿ ತರಬೇಕು. ಅದರ ಅಪಾಯ 2012ರ ಅಕ್ಟೋಬರಿನಲ್ಲಿ ಕಂಡಿತು. ಕಾವೇರಿ ಮರಿಗಳ ಮೂಲವಾದ ಹೆಸರಘಟ್ಟದ ಕೇಂದ್ರದ ಟರ್ಕಿ ಕೋಳಿಗಳಲ್ಲಿ ಹಕ್ಕಿಜ್ವರ ಪತ್ತೆಯಾಗಿ ಅಲ್ಲಿನ ಹಕ್ಕಿಗಳನ್ನೆಲ್ಲ ಕೊಲ್ಲಬೇಕಾಯಿತು.

ಬಾಯ್ಲರ್ ಮತ್ತು ಊರ ಕೋಳಿ

1971ರಲ್ಲಿ ಪುಣೆಯಲ್ಲಿ ಆರಂಭವಾದ ವೆಂಕಟೇಶ್ವರ ಹ್ಯಾಚರೀಸ್‌ನಂಥ ಸಂಸ್ಥೆಗಳಿಂದ ದೇಶದಲ್ಲಿ ಬಾಯ್ಲರ್ ಯುಗ ಮೊದಲಾಯಿತು. ಆರು ವಾರಕ್ಕೆ ಎರಡು ಕಿಲೋ ತೂಗುವ ಬಾಯ್ಲರ್ ಎದುರು, ಐದಾರು ತಿಂಗಳಿಗೆ ಒಂದೂಕಾಲು ಕಿಲೋ ಆಗುವ ಊರ ಕೋಳಿ ಬೆಲೆಯಲ್ಲಿ ನಿಲ್ಲಲಾರದು. ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನಿಂದ ಹೊರಟ ಘೀ ರೋಸ್ಟ್ ದೇಶವೆಲ್ಲ ಹೆಸರಾದರೂ ಅದಕ್ಕೆ ಬೇಕಾದಷ್ಟು ಮಾಂಸವನ್ನು ಹಿತ್ತಲುಗಳು ಒದಗಿಸಲಾರವು. ಆದರೂ ಊರ ಕೋಳಿ ತನ್ನ ಜಾಗ ಬಿಟ್ಟುಕೊಟ್ಟಿಲ್ಲ. ಕೋಳಿ ರೊಟ್ಟಿಗೆ, ಬಾಣಂತಿಯ ಪಥ್ಯಕ್ಕೆ, ಹಾಯ್ಗುಳಿ, ಪಂಜುರ್ಲಿ ದೈವಗಳ ಹರಕೆಗೆ ಊರ ಕೋಳಿಯೇ ಬೇಕು. ಇದನ್ನರಿತ ಅಂಗಡಿಗಳು ಮಾಂಸಕ್ಕೆ ಸಾಕುವ ಟೈಸನ್ ಎಂಬ ಬಣ್ಣದ ಕೋಳಿಯನ್ನೂ ಮಾರುತ್ತವೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದ 85.18 ಕೋಟಿ ಕೋಳಿ-ಬಾತುಗಳಲ್ಲಿ 31.7 ಕೋಟಿ ಹಿತ್ತಲಿನವು, ಹಿಂದಿನ ಗಣತಿಗಿಂತ ಸುಮಾರು ಶೇ. 46 ಹೆಚ್ಚು. ಹಿತ್ತಲ ಕೋಳಿಯ ಕಾಲ ಮುಗಿಯಿತೆನ್ನುವವರು ಈ ಅಂಕಿಯನ್ನು ನೋಡಬೇಕು.

ಕೊಕ್ಕರೆ ರೋಗ ಮತ್ತು ಮಳೆ

ಒಂದೇ ವಾರದಲ್ಲಿ ಗೂಡನ್ನೇ ಬರಿದು ಮಾಡುವುದು ಕೊಕ್ಕರೆ ರೋಗ. ಹಸಿರು ಭೇದಿ, ಕತ್ತು ತಿರುಚುವುದು, ಸಾವು. 1920ರ ದಶಕದಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ ಗುರುತಿಸಿದ್ದರಿಂದ ದೇಶವಿಡೀ ಅದಕ್ಕೆ ರಾಣಿಖೇತ ರೋಗವೆಂದೂ ಹೆಸರು. ಚಿಕಿತ್ಸೆಯಿಲ್ಲ, ಲಸಿಕೆಯಿದೆ. ಮರಿಗೆ ಐದರಿಂದ ಏಳನೇ ದಿನದಲ್ಲಿ ಲಸೋಟಾ ಲಸಿಕೆಯ ಹನಿಯನ್ನು ಕಣ್ಣಿಗೆ ಹಾಕಬೇಕು, ಎಂಟನೇ ವಾರ ಆರ್2ಬಿ ಚುಚ್ಚಬೇಕು. ಒಂದು ಸೀಸೆ ಸಾಮಾನ್ಯವಾಗಿ ನೂರು ಅಥವಾ ಹೆಚ್ಚು ಕೋಳಿಗೆ ಸಾಲುವಂಥದ್ದು. ಕಲಸಿದ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಅಲ್ಲಿಯವರೆಗೆ ಮಂಜುಗಡ್ಡೆಯಲ್ಲಿಡಬೇಕು. ಹತ್ತು ಕೋಳಿಯ ಮನೆಗೆ ಇದು ದುಬಾರಿ, ಅದಕ್ಕೇ ಲಸಿಕೆ ತಪ್ಪುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ರೂಪುಗೊಂಡ, ಶಾಖ ತಾಳುವ ಐ-2 ಲಸಿಕೆ ಆಫ್ರಿಕಾದ ಹಳ್ಳಿಗಳಲ್ಲಿ ಬಳಕೆಯಾದದ್ದು ಇದೇ ಕಷ್ಟ ನೀಗಲೆಂದು. ನಮ್ಮಲ್ಲಿ ಹತ್ತು ಮನೆ ಕೂಡಿ ಒಂದು ದಿನ ಗೊತ್ತುಮಾಡಿಕೊಂಡರೆ ಈಗಿನ ಲಸಿಕೆಯೇ ಸಾಕು.

ಇನ್ನೊಂದು ಶತ್ರು ಒದ್ದೆ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರಿದು. ನೆಲ ಹಸಿಯಿದ್ದರೆ ಮರಿಗಳಿಗೆ ರಕ್ತಭೇದಿ ಖಚಿತ. ಗೂಡು ನೆಲದಿಂದ ಎರಡು ಮೂರು ಅಡಿ ಮೇಲಿರಬೇಕು, ಮಾಡು ಮುಂದಕ್ಕೆ ಚಾಚಿರಬೇಕು, ಅಕ್ಕಿ ಗಿರಣಿಯ ಉಮಿ ಹಾಸಿ ಕೆದಕುತ್ತ ಒಣಗಿಸಬೇಕು. ಆಸಾಡಿ ತಿಂಗಳ ಜಡಿಮಳೆಯಲ್ಲಿ ಮರಿ ಮಾಡಿಸದಿರುವುದೇ ಮೇಲು. ಮಳೆ ನಿಂತ ಮೇಲಿನ ತಿಂಗಳುಗಳು ಪ್ರಶಸ್ತ.

ಕಾವುಪೆಟ್ಟಿಗೆ

ಈಜಿಪ್ಟಿನವರು ಎರಡು ಸಾವಿರ ವರ್ಷಗಳ ಹಿಂದೆಯೇ ಮಣ್ಣಿನ ಒಲೆಗಳಲ್ಲಿ ಮರಿ ಮಾಡಿಸುತ್ತಿದ್ದರು. ಇಂದು ಮೀನು ಸಾಗಿಸುವ ಥರ್ಮೋಕೋಲ್ ಪೆಟ್ಟಿಗೆಗೆ ಬಲ್ಬು, ಸಣ್ಣ ಫ್ಯಾನು, ಥರ್ಮೋಸ್ಟಾಟ್ ಜೋಡಿಸಿದರೆ ಮನೆಯಲ್ಲೇ ಯಂತ್ರ ಸಿದ್ಧ. 37.5 ಡಿಗ್ರಿ ಶಾಖ, ಶೇ. 50ರಿಂದ 60 ತೇವ, 18ನೇ ದಿನದವರೆಗೆ ದಿನಕ್ಕೆ ಮೂರು ಬಾರಿಯಾದರೂ ಹೊರಳಿಸುವುದು, ಕೊನೆಯ ಮೂರು ದಿನ ಮುಟ್ಟದೆ ತೇವವನ್ನು ಶೇ. 65ರ ಮೇಲಿಡುವುದು ಇದರ ಸೂತ್ರ. ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದರೆ ಬರಡು ಮೊಟ್ಟೆ ಗೊತ್ತಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಮೊದಲ 18 ದಿನ ಹೆಚ್ಚು ನೀರಿಡಬೇಕಾಗಿಲ್ಲ. ತೇವ ಅತಿಯಾದರೆ ಮರಿ ಚಿಪ್ಪಿನೊಳಗೇ ಸಾಯುತ್ತದೆ. ಚಳಿಗಾಲದ ಒಣಗಾಳಿಯಲ್ಲಿ ನೀರಿನ ಬಟ್ಟಲು ಬೇಕೇ ಬೇಕು. ಕರೆಂಟು ಹೋದಾಗ ಬದಲಿ ವ್ಯವಸ್ಥೆಯಿಲ್ಲದೆ ಯಂತ್ರ ನಂಬುವಂತಿಲ್ಲ. ಮರಿ ಬಂದ ಮೇಲೂ ಮೊದಲ ವಾರ 35 ಡಿಗ್ರಿ, ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ನಾಲ್ಕೈದು ವಾರ ಕಾಯಬೇಕು. ಹೇಂಟೆಯ ಜೊತೆ ಬೆಳೆದ ಮರಿಗೆ ಈ ಯಾವ ಖರ್ಚೂ ಇಲ್ಲ.

ಆಗಬೇಕಾದದ್ದು

2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್ ಸಾವಿರ ತಾಯಿಕೋಳಿ, ಮರಿ ಘಟಕ ಇರುವ ಯೋಜನೆಗೆ ಅರ್ಧ ವೆಚ್ಚವನ್ನು, 25 ಲಕ್ಷ ರೂಪಾಯಿ ಮಿತಿಯೊಳಗೆ ಕೊಡುತ್ತದೆ. ದೊಡ್ಡ ಬಂಡವಾಳ ಇದ್ದವರಿಗೆ ಅದು ಒಳ್ಳೆಯದೇ. ಆದರೆ ಐದಾರು ಹೇಂಟೆ ಸಾಕುವ ಮನೆಗೆ ಬೇಕಾದದ್ದು ಬೇರೆ. ಪಶುಸಂಗೋಪನಾ ಇಲಾಖೆಯೂ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವೂ ಸ್ತ್ರೀಶಕ್ತಿ ಸಂಘಗಳ ಮೂಲಕ ಪಂಚಾಯಿತಿಗೊಂದು ಲಸಿಕೆ ದಿನ ಗೊತ್ತುಮಾಡಲಿ, ಊರ ತಳಿಯ ಒಳ್ಳೆಯ ಹುಂಜಗಳನ್ನು ಮನೆಮನೆಗೆ ಬದಲಿಸಿಕೊಡುವ ಏರ್ಪಾಡು ಮಾಡಲಿ. ಮೊಟ್ಟೆಗೆ ಸ್ವರ್ಣಧಾರಾ ಸಾಕುವವರು ಸಾಕಲಿ, ಜೊತೆಗೆ ಕಾವು ಕೂರುವ ಎರಡು ಊರ ಹೇಂಟೆಯನ್ನಾದರೂ ಇಟ್ಟುಕೊಳ್ಳಲಿ. ತಳಿಗಳು ಪ್ರಯೋಗಾಲಯದಿಂದ ಇನ್ನೂ ಬರುತ್ತವೆ, ಒಮ್ಮೆ ಅಳಿದ ಊರ ತಳಿಯನ್ನು ಮಾತ್ರ ಯಾವ ಪ್ರಯೋಗಾಲಯವೂ ಮರಳಿ ಕೊಡಲಾರದು. ನಿಮ್ಮ ಮನೆಯ ಹೇಂಟೆ ಮುಂದಿನ ಸಲ ಕಾವಿಗೆ ಕೂತಾಗ ಅದನ್ನು ಎಬ್ಬಿಸಬೇಡಿ. ಒಳ್ಳೆಯ ಮೊಟ್ಟೆ ಆರಿಸಿ ಕೊಡಿ, ಮರಿಯಾದ ವಾರದೊಳಗೆ ಲಸಿಕೆ ಹಾಕಿಸಿ.