ಆಸ್ಟ್ರೇಲಿಯದ ಮೂಲನಿವಾಸಿಗಳ ಇತಿಹಾಸ: ದೂರದರ್ಶನ ನುಡಿದ ಸಾಕ್ಷ್ಯ

ಇತಿಹಾಸವು ಸಾಕ್ಷ್ಯವನ್ನು ಅವಲಂಬಿಸಿದ ಶಾಸ್ತ್ರ. ಆದರೆ ನೆಲವನ್ನು ಗೆದ್ದವರ ಕಾಗದಪತ್ರಗಳು ಮಾತ್ರವೇ ಸಾಕ್ಷ್ಯವೆನಿಸಿದಲ್ಲಿ, ನೆಲವನ್ನು ಕಳೆದುಕೊಂಡವರ ಪಾಲಿಗೆ ಇತಿಹಾಸವೇ ಇಲ್ಲವಾಗುತ್ತದೆ. ಆಸ್ಟ್ರೇಲಿಯದಲ್ಲಿ ಬಹುಕಾಲ ನಡೆದುದು ಇದೇ. 1788ರ ಜನವರಿಯಲ್ಲಿ ಆರ್ಥರ್ ಫಿಲಿಪ್ಪನ ಹಡಗುಗಳು ಸಿಡ್ನಿಯ ತೀರದಲ್ಲಿ ಲಂಗರು ಹಾಕಿದಂದಿನಿಂದಲೇ ಆ ಖಂಡದ ಚರಿತ್ರೆ ಮೊದಲಾಯಿತೆಂಬಂತೆ ಗ್ರಂಥಗಳು ರಚಿತವಾದುವು. ಸಹಸ್ರಾರು ವರ್ಷಗಳಿಂದ ಅಲ್ಲಿ ಬಾಳಿ ಬಂದ ಜನ ಅವುಗಳ ಮೊದಲ ಪುಟಗಳಲ್ಲಿ ಸುಳಿದು ಮರೆಯಾದರು. 1968ರ ತಮ್ಮ ಬಾನುಲಿ ಉಪನ್ಯಾಸಗಳಲ್ಲಿ ಮಾನವಶಾಸ್ತ್ರಜ್ಞ ಸ್ಟ್ಯಾನರರು ಇದನ್ನು ಆಸ್ಟ್ರೇಲಿಯದ ಮಹಾಮೌನವೆಂದು ಕರೆದರು. ಇದು ಆಕಸ್ಮಿಕವಾದ ಮರೆವಲ್ಲ, ಇಡೀ ರಾಷ್ಟ್ರವೇ ರೂಢಿಸಿಕೊಂಡ ವಿಸ್ಮೃತಿಯೆಂಬುದು ಅವರ ಮತ.

ಈ ಮೌನವನ್ನು ಮುರಿದ ಪ್ರಯತ್ನಗಳಲ್ಲಿ, 2008ರ ಅಕ್ಟೋಬರಿನಲ್ಲಿ ಎಸ್.ಬಿ.ಎಸ್. ದೂರದರ್ಶನವು ಪ್ರಸಾರ ಮಾಡತೊಡಗಿದ 'ಫಸ್ಟ್ ಆಸ್ಟ್ರೇಲಿಯನ್ಸ್' ಎಂಬ ಏಳು ಕಂತುಗಳ ಸರಣಿಗೆ ವಿಶಿಷ್ಟವಾದ ಸ್ಥಾನವಿದೆ. ಇದರ ನಿರ್ಮಾಣದ ಮುಂದಾಳು ರೇಚಲ್ ಪರ್ಕಿನ್ಸ್ ಸ್ವತಃ ಅರೆರ್ನ್ಟೆ ಮತ್ತು ಕಲ್ಕಡೂನ್ ಜನಾಂಗಗಳಿಗೆ ಸೇರಿದವರು. 1965ರಲ್ಲಿ ವಿದ್ಯಾರ್ಥಿಗಳೊಡನೆ ಬಸ್ಸಿನಲ್ಲಿ ಸಂಚರಿಸಿ, ನ್ಯೂ ಸೌತ್ ವೇಲ್ಸಿನ ಊರುಗಳಲ್ಲಿದ್ದ ವರ್ಣಭೇದವನ್ನು ಬಯಲಿಗೆಳೆದ ಚಾರ್ಲ್ಸ್ ಪರ್ಕಿನ್ಸರ ಪುತ್ರಿ. ಸರಣಿಯು ರಾಜ್ಯಪಾಲರ ಆಳ್ವಿಕೆಗಳ ಪಟ್ಟಿಯನ್ನು ಅನುಸರಿಸದೆ ಬೆನೆಲಾಂಗ್, ಟ್ರುಗನೀನಿ, ಬರಾಕ್, ಜಂಡಮರ, ವಿಲಿಯಂ ಕೂಪರ್, ಎಡ್ಡೀ ಮಾಬೋ ಮೊದಲಾದವರ ಬಾಳಿನ ಮೂಲಕ ಕಾಲವನ್ನು ಅಳೆಯುತ್ತದೆ.

ಇವುಗಳಲ್ಲಿ ಕೋರಂಡರ್ಕಿನ ವೃತ್ತಾಂತವು ಇತಿಹಾಸದ ವಿದ್ಯಾರ್ಥಿಗೆ ಅತ್ಯಂತ ಬೋಧಪ್ರದವಾದುದು. ವಿಕ್ಟೋರಿಯ ಪ್ರಾಂತದಲ್ಲಿ ನೆಲೆ ತಪ್ಪಿದ ಕುಲಿನ್ ಜನರು 1863ರಲ್ಲಿ ಸೈಮನ್ ವೊಂಗನ ನೇತೃತ್ವದಲ್ಲಿ ಯಾರಾ ನದಿಯ ಬಯಲಿನಲ್ಲಿ ನೆಲಸಿ, ಕಾಡು ಕಡಿದು, ಮನೆ ಕಟ್ಟಿ, ಬೇಸಾಯದಲ್ಲಿ ಹೆಸರು ಗಳಿಸಿದರು. ಭೂಮಿ ಹಸನಾದೊಡನೆ ನೆರೆಯ ವಲಸಿಗರ ಕಣ್ಣು ಅದರ ಮೇಲೆ ಬಿದ್ದಿತು. ವೊಂಗನ ತರುವಾಯ ಮುಂದಾಳಾದ ವಿಲಿಯಂ ಬರಾಕನು ತನ್ನವರೊಡನೆ ಮೆಲ್ಬೋರ್ನಿಗೆ ನಡೆದು ಹೋಗಿ ಸರಕಾರಕ್ಕೆ ಅಹವಾಲು ಸಲ್ಲಿಸಿದನು. 1881ರ ವಿಚಾರಣಾ ಮಂಡಲಿಯ ಮುಂದೆ ಆ ಜನರು ತಾವೇ ನಿಂತು ಹೇಳಿಕೆ ಕೊಟ್ಟರು. ಆದರೂ 1886ರ ಕಾಯಿದೆಯು ಮಿಶ್ರರಕ್ತದವರಲ್ಲಿ 35 ವರ್ಷಕ್ಕೆ ಒಳಪಟ್ಟವರನ್ನು ಹೊರಗಟ್ಟಿ, ದುಡಿಯುವ ಕೈಗಳನ್ನೇ ಕಸಿದುಕೊಂಡಿತು. 1924ರಲ್ಲಿ ನೆಲೆ ಮುಚ್ಚಿತು. ಮೂಲನಿವಾಸಿಗಳು ಮೂಕರಾಗಿರಲಿಲ್ಲ; ಅವರ ಮಾತು ಸರಕಾರದ ಕಡತಗಳಲ್ಲಿಯೇ ಇದ್ದಿತು. ಓದುವವರಿಗೆ ಅದು ಬೇಡವಾಗಿತ್ತು, ಅಷ್ಟೇ.

ಟ್ರುಗನೀನಿಯ ಕಥೆ ಇನ್ನೂ ದಾರುಣ. 1876ರಲ್ಲಿ ಆಕೆ ತೀರಿಕೊಂಡಾಗ ಟಾಸ್ಮೇನಿಯದ ಜನಾಂಗವೇ ಅಳಿಯಿತೆಂದು ಸಾರಲಾಯಿತು. ಆಕೆಯ ಇಚ್ಛೆಗೆ ವಿರುದ್ಧವಾಗಿ ಅಸ್ಥಿಪಂಜರವನ್ನು ಹೋಬಾರ್ಟಿನ ವಸ್ತುಸಂಗ್ರಹಾಲಯದಲ್ಲಿ 1947ರವರೆಗೂ ಪ್ರದರ್ಶಿಸಲಾಯಿತು; ಅದಕ್ಕೆ ದಹನಸಂಸ್ಕಾರ ದೊರೆತುದು 1976ರಲ್ಲಿ. ಆದರೆ ಜನಾಂಗವು ಅಳಿದಿರಲಿಲ್ಲ. ಅದರ ವಂಶಜರು ಇಂದಿಗೂ ಬಾಳುತ್ತಿದ್ದಾರೆ. ಬದುಕಿರುವವರನ್ನು ಅಳಿದವರೆಂದು ಬರೆಯುವುದಕ್ಕಿಂತ ಘೋರವಾದ ತಪ್ಪನ್ನು ಚರಿತ್ರಕಾರನು ಮಾಡಲಾರನು.

ನೊಂದವರು ಹೇಳಿದ ಇತಿಹಾಸವು ಪಕ್ಷಪಾತದಿಂದ ಕೂಡಿರುವುದಿಲ್ಲವೇ ಎಂದು ಕೆಲವರು ಶಂಕಿಸಬಹುದು. ಶಂಕೆ ನ್ಯಾಯವಾದುದೇ, ಆದರೆ ಅದು ಎರಡು ಪಕ್ಷಗಳಿಗೂ ಸಲ್ಲಬೇಕು. 1838ರ ಜೂನಿನಲ್ಲಿ ಮಯಾಲ್ ಕ್ರೀಕಿನಲ್ಲಿ ಕನಿಷ್ಠ 28 ಮಂದಿ ಮೂಲನಿವಾಸಿಗಳ ಕೊಲೆಯಾಯಿತು. ಆ ಕಾಲದ ನ್ಯಾಯಾಲಯವು ಮೂಲನಿವಾಸಿಯ ಸಾಕ್ಷ್ಯವನ್ನು ಅಂಗೀಕರಿಸುತ್ತಿರಲಿಲ್ಲ. ಬಿಳಿಯರು ನಿಜವನ್ನು ನುಡಿದುದರಿಂದ ಮಾತ್ರವೇ ಏಳು ಮಂದಿ ಅಪರಾಧಿಗಳಿಗೆ ಗಲ್ಲಾಯಿತು. ಅಂತಹ ಬಿಳಿಯ ಸಾಕ್ಷಿಗಳಿಲ್ಲದ ಕಡೆಗಳಲ್ಲಿ ಏನು ನಡೆಯಿತೆಂಬುದನ್ನು ಬಲ್ಲವರು ಉಳಿದವರ ಮಕ್ಕಳು, ಮೊಮ್ಮಕ್ಕಳು. ಸರಣಿಯು ಅವರ ನೆನಪನ್ನು ಕಡತಗಳ ಪಕ್ಕದಲ್ಲಿಟ್ಟು, ಪರಸ್ಪರ ಪರೀಕ್ಷಿಸಿ, ಬಿಳಿಯ ವಿದ್ವಾಂಸರ ಅಭಿಪ್ರಾಯಗಳಿಗೂ ಎಡೆಗೊಟ್ಟಿದೆ. ಇದೇ ಅದರ ಬಲ.

2022ರಲ್ಲಿ ಪರ್ಕಿನ್ಸರು 'ದಿ ಆಸ್ಟ್ರೇಲಿಯನ್ ವಾರ್ಸ್' ಎಂಬ ಮತ್ತೊಂದು ಸರಣಿಯಲ್ಲಿ, ನೆಲಕ್ಕಾಗಿ ನಡೆದ ಈ ಕದನಗಳಿಗೆ ರಾಷ್ಟ್ರದ ಯುದ್ಧಸ್ಮಾರಕದಲ್ಲಿ ತಕ್ಕ ಸ್ಥಾನವೇಕಿಲ್ಲವೆಂದು ಪ್ರಶ್ನಿಸಿದರು. ಮರುವರ್ಷ, 2023ರ ಅಕ್ಟೋಬರಿನಲ್ಲಿ, ಮೂಲನಿವಾಸಿಗಳಿಗೆ ರಾಜ್ಯಾಂಗದ ಮೂಲಕ ಸಲಹಾಮಂಡಲಿಯೊಂದನ್ನು ಒದಗಿಸುವ ಸೂಚನೆಯನ್ನು ಮತದಾರರಲ್ಲಿ ನೂರಕ್ಕೆ ಸುಮಾರು 60 ಮಂದಿ ನಿರಾಕರಿಸಿದರು. ಕಥೆಯನ್ನು ಕೇಳುವುದು ಬೇರೆ, ಕೇಳಿದುದಕ್ಕೆ ಬದ್ಧರಾಗುವುದು ಬೇರೆ. ಆದರೂ ಕನ್ನಡದಲ್ಲಿ ನಾವು ಇಂತಹ ಚಿತ್ರಗಳಿಗೆ ಸಾಕ್ಷ್ಯಚಿತ್ರವೆಂಬ ಹೆಸರಿಟ್ಟಿರುವುದು ಸಾರ್ಥಕವೇ ಸರಿ. ತೀರ್ಪು ವಿಳಂಬವಾದ ಮಾತ್ರಕ್ಕೆ ಒಮ್ಮೆ ನುಡಿದ ಸಾಕ್ಷ್ಯ ಅಳಿದುಹೋಗುವುದಿಲ್ಲ.